ಸೀಟಿನ ಕೆಳಗಿನ ನಕ್ಷೆ

ಆ ಕಾಗದಕ್ಕೆ ನಾನು ಸಹಿ ಹಾಕಿದ್ದು ಸರ್ವಿಸ್ ಸೆಂಟರಿನವರ ಪೆನ್ನಿನಲ್ಲಿ, ನಿಂತುಕೊಂಡೇ. ಪೆನ್ನಿಗೆ ದಾರ ಕಟ್ಟಿ ಕೌಂಟರಿಗೆ ಬಿಗಿದಿದ್ದರು. ಗಿರಾಕಿ ಪೆನ್ನು ಎತ್ತಿಕೊಂಡು ಹೋಗುತ್ತಾನೆಂದು ಅವರು ಅನುಮಾನಪಟ್ಟರೆ ಅದು ವ್ಯವಸ್ಥೆ. ಗಿರಾಕಿ ಅವರ ಮೇಲೆ ಅನುಮಾನಪಟ್ಟರೆ ಅದು ಗಲಾಟೆ. ಕಾಗದದಲ್ಲಿ ಇಂಗ್ಲಿಷಿನ ನಾಲ್ಕು ಸಾಲುಗಳಿದ್ದವು. ಮೂರನೆಯ ಸಾಲು ಹೇಳುತ್ತಿದ್ದದ್ದು ಇಷ್ಟು: ನನ್ನ ಬೈಕಿನ ವೈರಿಂಗ್ ಸುಟ್ಟದ್ದು ಹೊರಗಿನವರಿಂದ ಮಾಡಿಸಿದ ದೋಷಪೂರ್ಣ ಕೆಲಸದಿಂದ, ಇದನ್ನು ನಾನು ಒಪ್ಪಿದ್ದೇನೆ.

ಆ ಹೊರಗಿನವರು ಎಂದರೆ ನನ್ನ ಅಪ್ಪ. ನಾನು ಸಹಿ ಹಾಕುವಾಗ ಪಕ್ಕದಲ್ಲೇ ಎರಡು ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದ.

ಅಪ್ಪ ವೈರ್‌ಮನ್. ಮನೆಗೆ ಬಲ್ಬು ಹಾಕಿ ಹೋಗುವ ವೈರ್‌ಮನ್ ಅಲ್ಲ. ಕಾರ್ಖಾನೆಯ ಯಂತ್ರಗಳಿಗೆ ಕರೆಂಟು ಹಂಚುವ, ಬೀರುವಿನಂಥ ದೊಡ್ಡ ಕಬ್ಬಿಣದ ಪೆಟ್ಟಿಗೆಗಳಿರುತ್ತವಲ್ಲ, ಪ್ಯಾನೆಲ್ ಅಂತಾರೆ, ಅವುಗಳ ಒಳಗಿನ ನೂರಾರು ತಂತಿಗಳನ್ನು ಕಟ್ಟುವವನು. ಹೆಬ್ಬಗೋಡಿ ಪಕ್ಕದ ನಮ್ಮೂರಿನ ಹೊಲ ಕೈಗಾರಿಕೆಗೆ ಹೋದಾಗ ನಮ್ಮ ದಾಯಾದಿಗಳು ಉಳಿದ ಜಾಗದಲ್ಲಿ ಸಾಲು ಸಾಲು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟರು. ಅಪ್ಪ ಮಾತ್ರ ಅದೇ ಕೈಗಾರಿಕೆಗೆ ಕೆಲಸಕ್ಕೆ ಹೋದ. ಈಗ ಬೊಮ್ಮನಹಳ್ಳಿಯ ಸಣ್ಣ ವರ್ಕ್‌ಶಾಪೊಂದರಲ್ಲಿ ಇದ್ದಾನೆ.

ಅವನ ಕೆಲಸಕ್ಕೆ ಎರಡು ಪದ್ಧತಿಗಳಿವೆ. ಒಂದು, ಪ್ರತಿ ತಂತಿಯ ಎರಡೂ ತುದಿಗೆ ಒಂದೇ ನಂಬರು ಬರೆದ ಪುಟ್ಟ ಬಿಳಿ ಕೊಳವೆ ತೊಡಿಸುವುದು. ಏಳರಿಂದ ಹೊರಟ ತಂತಿ ಎಲ್ಲಿ ಸುತ್ತಿ ಬಂದರೂ ಏಳಾಗಿಯೇ ಬರಬೇಕು. ಎರಡನೆಯದು, ಕೆಲಸ ಮುಗಿದ ಮೇಲೆ ಪೂರ್ತಿ ನಕ್ಷೆಯನ್ನು ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸುವುದು. ನಕ್ಷೆಯ ಮೂಲೆಯಲ್ಲಿ ಎರಡು ಚೌಕ ಇರುತ್ತವೆ: ಕಟ್ಟಿದವರು, ಪರೀಕ್ಷಿಸಿದವರು. ಎರಡಕ್ಕೂ ಸಹಿ ಬೀಳದೆ ಪೆಟ್ಟಿಗೆ ಲಾರಿ ಹತ್ತುವುದಿಲ್ಲ. "ನಾನ್ ಸತ್ತೋದ್ ಮ್ಯಾಕೂ ಬಾಗ್ಲು ತಗ್ದೋನಿಗೆ ಗೊತ್ತಾಗ್ಬೇಕು ಕಣಮ್ಮಿ, ಯಾವ್ ತಂತಿ ಎಲ್ಲಿಗೋಯ್ತು, ಕಟ್ಟಿದೋನು ಯಾವನು ಅಂತ" ಎನ್ನುತ್ತಿದ್ದ. ಬಯ್ಯಬೇಕಿದ್ದರೆ ಯಾರನ್ನು ಬಯ್ಯಬೇಕೆಂದು ತಿಳಿದಿರಬೇಕು ಎನ್ನುವುದು ಅವನ ನ್ಯಾಯ.

ನನ್ನ ಆಫೀಸೂ ಬೊಮ್ಮನಹಳ್ಳಿಯ ಕಡೆಯೇ. ಹಾಗಾಗಿ ದಿನಾ ಬೆಳಗ್ಗೆ ನನ್ನ ಬೈಕಿನಲ್ಲಿ ನಾನು ಮುಂದೆ, ಅಪ್ಪ ಹಿಂದೆ. ಹೊಸೂರು ರಸ್ತೆ, ಲಾರಿಗಳು, ಕಂಪನಿ ಬಸ್ಸುಗಳು. ಅಪ್ಪನಿಗೆ ಹಿಂದೆ ಕೂತರೂ ಗಾಡಿ ಓಡಿಸದೆ ಇರಲಾಗದು. "ಎಡಕ್ ತಗೋ, ಬಸ್ ಬತ್ತೈತೆ!" ಎಂದು ಕೂಗುತ್ತಿದ್ದ. ನನಗೆ ಕೂಗಿದ್ದು ಕೇಳುತ್ತಿತ್ತು. ಆದರೆ ಅವನ ಎಡಗಿವಿ ಯಂತ್ರಗಳ ನಡುವೆ ಇದ್ದೂ ಇದ್ದೂ ಮಂದವಾಗಿದೆ, ನಾನು ಕೊಟ್ಟ ಉತ್ತರ ಅವನಿಗೆ ಮುಟ್ಟುತ್ತಿರಲಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಎದುರಾಳಿ ಮಾತಾಡುತ್ತಲೇ ಇದ್ದಾನೆ, ನಮ್ಮ ಸರದಿ ಬಂದಾಗ ಮೈಕು ಆಫ್.

ಅದಕ್ಕೇ ಆನ್‌ಲೈನಿನಲ್ಲಿ ಒಂದು ಇಂಟರ್‌ಕಾಮ್ ತರಿಸಿದೆ. ಬ್ಯಾಟರಿ ಮುಗಿಯುವ ಗೋಳಿನದಲ್ಲ, ಬೈಕಿನಿಂದಲೇ ಕರೆಂಟು ತೆಗೆದುಕೊಳ್ಳುವಂಥದ್ದು. ಸೀಟಿನ ಕೆಳಗೆ ಕೂರುವ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಅದರಿಂದ ಎರಡು ಹೆಲ್ಮೆಟ್ಟಿಗೂ ಒಂದೊಂದು ಸುರುಳಿ ತಂತಿ. ಜೊತೆಗಿದ್ದ ಚೀಟಿಯಲ್ಲಿ ಕೆಂಪು ತಂತಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಮೈನಸ್‌ಗೆ, ಮುಗಿಯಿತು ಎಂದಿತ್ತು.

ಬೊಮ್ಮನಹಳ್ಳಿಯ ಆಕ್ಸೆಸರಿ ಅಂಗಡಿಯವನಿಗೆ ತೋರಿಸಿದರೆ ಅವನು ಇನ್ನೂ ಚುರುಕು. "ಹತ್ ನಿಮಿಷದ್ ಕೆಲ್ಸ ಅಕ್ಕ. ಹೆಡ್‌ಲೈಟ್ ವೈರ್ ಕಟ್ ಮಾಡಿ ಒಂದ್ ಜಾಯಿಂಟ್ ಹೊಡ್ದು ಟೇಪ್ ಸುತ್ತಿದ್ರೆ ಸಕ್ಕತ್ತಾಗ್ ಓಡುತ್ತೆ."

ಅಪ್ಪ ಅವನನ್ನು ಒಂದು ಗಳಿಗೆ ನೋಡಿದ. "ಗಾಡಿ ಎತ್ಕೊಂಡ್ ನಡಿ" ಎಂದ, ನನಗೆ.

ಆಮೇಲಿನ ಎರಡು ಭಾನುವಾರ ನನ್ನ ಬೈಕು ಮನೆ ಮುಂದೆ ಸೀಟು ಬಿಚ್ಚಿಕೊಂಡು ನಿಂತಿತ್ತು. ಬ್ಯಾಟರಿಯಿಂದ ಹೊರಟ ತಂತಿಗೆ ಮೊದಲು ಒಂದು ಸಣ್ಣ ಫ್ಯೂಸು. ಆಮೇಲೆ ಬೈಕಿನ ಚಾವಿ ತಿರುಗಿಸಿದಾಗ ಮಾತ್ರ ಕರೆಂಟು ಬಿಡುವ ರಿಲೇ. ಚಾವಿ ತಿರುಗಿದೆಯೆಂದು ರಿಲೇಗೆ ತಿಳಿಯಲು ಹಿಂದಿನ ದೀಪದ ತಂತಿಯಿಂದ ಒಂದು ಸುಳಿವು ಬೇಕು. ಅಲ್ಲೂ ಕಂಪನಿಯ ತಂತಿಗೆ ಬ್ಲೇಡು ತಾಗಿಸಲಿಲ್ಲ. ಕಂಪನಿಯದೇ ಅಳತೆಯ ಪ್ಲಗ್ಗು ಹುಡುಕಿ ತಂದು ನಡುವೆ ಸಿಕ್ಕಿಸಿದ, ಬೇಡವೆಂದರೆ ಕಿತ್ತು ಇಟ್ಟುಬಿಡಬಹುದು. ಒಟ್ಟು ಆರು ತಂತಿ, ಒಂದರಿಂದ ಆರರವರೆಗೆ ನಂಬರು. ಆರೂ ಸೀಟಿನ ಕೆಳಗೇ ಶುರುವಾಗಿ ಸೀಟಿನ ಹಿಂದೆಯೇ ಮುಗಿಯುತ್ತವೆ. ಕೊನೆಗೆ ಅಂಗೈಯಗಲದ ನಕ್ಷೆ ಬರೆದು, ಪ್ಲಾಸ್ಟಿಕ್ ಹೊದಿಸಿ, ಸೀಟಿನ ತಳಕ್ಕೆ ಅಂಟಿಸಿದ. ಕಟ್ಟಿದವರು ಚೌಕದಲ್ಲಿ ತನ್ನ ಸಹಿ. ಪರೀಕ್ಷಿಸಿದವರು ಚೌಕ ಖಾಲಿ.

"ಬೈಕಿಗೆಲ್ಲ ಯಾಕಪ್ಪ ಇದು? ಯಾರ್ ನೋಡ್ತಾರೆ?" ಎಂದು ನಾನೇ ನಕ್ಕಿದ್ದೆ.

"ನೋಡೋನ್ ಒಬ್ಬ ಬತ್ತಾನೆ ಬಿಡು" ಎಂದಿದ್ದ.

ಬಂದ.

ಅದಕ್ಕೆ ಮೊದಲು ಸುಮಾರು ಎರಡು ತಿಂಗಳು ನಮ್ಮ ಬೆಳಗುಗಳು ಭಾರಿ ಚೆನ್ನಾಗಿದ್ದವು. ಕಿವಿಯ ಪಕ್ಕದಲ್ಲೇ ಅಪ್ಪನ ದನಿ. ಅವನ ಹೆಲ್ಮೆಟ್ಟಿನಲ್ಲಿ ಸ್ಪೀಕರನ್ನು ಬಲಗಿವಿಯ ಕಡೆಗೆ ಇಟ್ಟಿದ್ದೆವು. ಮೊದಲ ದಿನವೇ ಅಂದ: "ಇಷ್ಟ್ ದಿನ ನೀನ್ ಇಷ್ಟೊಂದ್ ಬಯ್ತಿದ್ದೆ ಅಂತ ಗೊತ್ತೇ ಇರ್ಲಿಲ್ಲ ಕಣಮ್ಮಿ." ಹೆಬ್ಬಗೋಡಿಯಿಂದ ಬೊಮ್ಮನಹಳ್ಳಿಯವರೆಗೆ ಗ್ರಾಮ ಪಂಚಾಯ್ತಿ, ದೇವರು, ನನ್ನ ಮದುವೆ, ದಾಯಾದಿಗಳ ನಾಲ್ಕನೇ ಮಹಡಿ, ಎಲ್ಲದರ ಮೇಲೂ ಜಗಳ. ಸಿಗ್ನಲ್ಲಿನಲ್ಲಿ ಪಕ್ಕದವರು ತಿರುಗಿ ನೋಡುತ್ತಿದ್ದರು. ದೇವರ ವಿಷಯದಲ್ಲಿ ನಾನು ಒಮ್ಮೆಯೂ ಸೋತಿಲ್ಲ, ಆದರೂ ಅವನು ಒಮ್ಮೆಯೂ ಒಪ್ಪಿಲ್ಲ.

ಒಂದು ಮಂಗಳವಾರ, ಬೊಮ್ಮನಹಳ್ಳಿ ಇನ್ನೂ ಸ್ವಲ್ಪ ದೂರವಿದ್ದಾಗ, ಹೆಡ್‌ಲೈಟಿನ ಹಿಂದಿನಿಂದ ಹೊಗೆ ಬಂತು. ಸುಟ್ಟ ಪ್ಲಾಸ್ಟಿಕ್ಕಿನ ನಾತ. ಮೀಟರಿನ ದೀಪ ಆರಿತು, ಹಾರನ್ ಸತ್ತಿತು. ಕಿವಿಯಲ್ಲಿ ಅಪ್ಪನ ದನಿ ಮಾತ್ರ ಸ್ಪಷ್ಟವಾಗಿತ್ತು. "ಎಡಕ್ ತಗೋ. ನಿಲ್ಸು. ಚಾವಿ ಆಫ್ ಮಾಡು. ಇಳಿ." ನಾನು ಚಾವಿ ತಿರುಗಿಸುವವರೆಗೂ ಆ ದನಿ ಕೇಳುತ್ತಲೇ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ. ಬೈಕಿನ ಮುಂಭಾಗ ಸುಡುತ್ತಿದ್ದಾಗ ಅಪ್ಪ ಕಟ್ಟಿದ ಆರು ತಂತಿಗಳು ಮಾತ್ರ ನೆಟ್ಟಗೆ ಕೆಲಸ ಮಾಡುತ್ತಿದ್ದವು.

ಬೈಕು ಕೊಂಡು ವರ್ಷವೂ ಆಗಿರಲಿಲ್ಲ, ವಾರಂಟಿ ಇತ್ತು. ಟೆಂಪೋದಲ್ಲಿ ಹೇರಿಸಿಕೊಂಡು ಹೊಸೂರು ರಸ್ತೆಯಲ್ಲೇ ಇರುವ ಸರ್ವಿಸ್ ಸೆಂಟರಿಗೆ ಹೋದೆವು. ಅಲ್ಲಿ ಸರ್ವಿಸ್ ಅಡ್ವೈಸರ್ ಎಂದು ಕೊರಳಿಗೆ ಚೀಟಿ ನೇತುಹಾಕಿಕೊಂಡ ಒಬ್ಬ ಬಂದ. ಹೊಗೆ ಬಂದ ಮುಂಭಾಗವನ್ನು ನೋಡಲಿಲ್ಲ. ನೇರ ಸೀಟು ಎತ್ತಿದ. ಬಿಳಿ ಕೊಳವೆಗಳನ್ನು ಕಂಡ. ಸೀಟಿನ ತಳ ತಿರುಗಿಸಿದ. ನಕ್ಷೆ ಕಂಡ. ಮುಖ ಅರಳಿತು. ಮೊಬೈಲು ತೆಗೆದು ಅಪ್ಪನ ಸಹಿಯ ಫೋಟೋ ಹೊಡೆದುಕೊಂಡ.

"ಸಾರ್, ಔಟ್‌ಸೈಡ್ ವೈರಿಂಗ್ ಮಾಡ್ಸಿದೀರಾ. ವಾರಂಟಿ ವಾಯ್ಡ್ ಆಗುತ್ತೆ ಸಾರ್" ಎಂದ. ಅಪ್ಪನಿಗೆ.

"ಗಾಡಿ ನಂದು. ನನ್ನ ಹತ್ರ ಮಾತಾಡಿ" ಎಂದೆ.

"ಅದೇ ಮೇಡಂ, ಸಾರ್‌ಗೆ ಹೇಳ್ತಿದೀನಿ. ಯಾರ್ ಮಾಡಿದ್ದು ಸಾರ್ ಇದು?"

ಇಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ಎದುರಾಳಿಯ ಪ್ರಶ್ನೆಗೆ ಅವನಿಗೆ ಬೇಕಾದ ಉತ್ತರ ಕೊಡಬಾರದು ಎಂಬುದು ಮೊದಲ ವರ್ಷದ ಪಾಠ. ನಾನು ಅಪ್ಪನ ಕೈ ಚಿವುಟಿದೆ.

"ನಾನೇ. ಎಸ್ರು ಐತಲ್ಲ ಅಲ್ಲಿ" ಎಂದ ಅಪ್ಪ.

ನಾನು ಮೂರು ವಾದ ಇಟ್ಟೆ. ಒಂದು, ಈ ಆರು ತಂತಿಗಳೂ ಹಿಂಭಾಗದಲ್ಲಿವೆ, ಸುಟ್ಟದ್ದು ಮುಂಭಾಗ. ಎರಡು, ಇವುಗಳಲ್ಲಿ ಹೆಚ್ಚು ಕರೆಂಟು ಹರಿದಿದ್ದರೆ ಮೊದಲು ಈ ಸಣ್ಣ ಫ್ಯೂಸು ಹೋಗಬೇಕಿತ್ತು, ಅದು ಹಾಗೇ ಇದೆ, ಬೇಕಾದರೆ ಬೆಳಕಿಗೆ ಹಿಡಿದು ನೋಡಿ. ಮೂರು, ಕಂಪನಿಯ ಒಂದು ತಂತಿಯನ್ನೂ ಕತ್ತರಿಸಿಲ್ಲ. ಅಡ್ವೈಸರ್ ಗಡಿಯಾರ ನೋಡುತ್ತಾ ಪೂರ್ತಿ ಕೇಳಿಸಿಕೊಂಡ.

"ಕರೆಂಟಿಗೆ ಹಿಂದೆ ಮುಂದೆ ಅಂತ ಇಲ್ಲ ಮೇಡಂ. ಹಿಂದೆ ಲೋಡ್ ಆದ್ರೆ ಮುಂದಕ್ಕೆ ರಿಟರ್ನ್ ಹೊಡಿಯುತ್ತೆ."

ಅಪ್ಪನ ತುಟಿ ಸ್ವಲ್ಪ ಅಲುಗಿತು. "ರಿಟರ್ನ್ ಒಡೀತದಾ?" ಎಂದ ಮೆಲ್ಲಗೆ.

"ಹೊಡಿಯುತ್ತೆ ಸಾರ್. ಇದೆಲ್ಲ ನಮ್ಗೆ ಟ್ರೇನಿಂಗ್ ಕೊಟ್ಟಿರ್ತಾರೆ. ಮನೆ ವೈರಿಂಗ್ ಥರ ಅಲ್ಲ. ಸ್ವಲ್ಪ ಮಗಳಿಗೆ ಹೇಳಿ ಸಾರ್."

ನನ್ನ ದನಿ ಏರಿತು. ಕಾಯುತ್ತಿದ್ದ ಗಿರಾಕಿಗಳು ಮೊಬೈಲಿನಿಂದ ತಲೆ ಎತ್ತಿದರು. ಆಗ ಒಳಗಿನಿಂದ ಮ್ಯಾನೇಜರ್ ಬಂದ. ಇಸ್ತ್ರಿ ಅಂಗಿ, ಮೆತ್ತನೆ ಮಾತು. ಕಂಪನಿಯಿಂದ ಇಂಜಿನಿಯರ್ ಬಂದು ನೋಡಬೇಕೆಂದರೆ ಎಷ್ಟು ವಾರ ಆಗುತ್ತದೋ ಹೇಳಲಾಗದು, ಅಷ್ಟು ದಿನ ಬೈಕು ಇಲ್ಲೇ ನಿಲ್ಲುತ್ತದೆ. ಅದರ ಬದಲು ಒಂದು ಡಿಕ್ಲರೇಷನ್ ಸಹಿ ಮಾಡಿಕೊಟ್ಟರೆ ಗುಡ್‌ವಿಲ್ ಎಂದು ಹೊಸ ವೈರಿಂಗ್ ಪುಕ್ಕಟೆ ಹಾಕಿಕೊಡುತ್ತಾರೆ, ಎರಡೇ ದಿನ. "ಬರೀ ಫಾರ್ಮಾಲಿಟಿ ಮೇಡಂ."

ನಾನು ಓದಿದೆ. ಮೂರನೆಯ ಸಾಲನ್ನೂ ಓದಿದೆ. ಓದದೆ ಸಹಿ ಹಾಕಿದೆ ಎಂದು ಹೇಳಿಕೊಳ್ಳುವ ಅವಕಾಶವೂ ನನಗಿಲ್ಲ. ತಲೆಯೊಳಗೆ ಹಳೆಯ ಲೆಕ್ಕಾಚಾರ ತಾನಾಗಿ ಓಡಿತು: ಸಣ್ಣ ಅಂಶ ಬಿಟ್ಟುಕೊಡು, ದೊಡ್ಡದನ್ನು ಗೆಲ್ಲು. ದೊಡ್ಡದು ಬೈಕು. ಸಣ್ಣದು ಒಂದು ಸಾಲು. ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂದು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. ಯಾವ ಕಡೆ ಬಿದ್ದರೂ ಅಷ್ಟೇ ಆವೇಶದಿಂದ ಮಾತಾಡಿ ಬಹುಮಾನದ ಕಪ್ಪು ಗೆದ್ದು ತಂದಿದ್ದೇನೆ. ಮನೆಯ ಶೋಕೇಸಿನಲ್ಲಿ ಅಪ್ಪನೇ ಸಾಲಾಗಿ ಜೋಡಿಸಿಟ್ಟಿದ್ದಾನೆ.

"ಓದ್ದ್ಯಾ?" ಎಂದು ಕೇಳಿದ ಅಪ್ಪ.

"ಓದ್ದೆ."

"ಏನ್ ಬರ್ದೈತೆ?"

ಹೇಳಿದೆ. ಅವನು ಹೆಲ್ಮೆಟ್‌ಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. "ಗಾಡಿ ನಿಂದು" ಎಂದ.

ಸಹಿ ಹಾಕಿದೆ.

ಬೈಕು ತರಲು ಹೋದ ದಿನ ಅಪ್ಪ ಕೇಳಿದ್ದು ಒಂದೇ: "ಅಳೇ ವೈರಿಂಗ್ ಕೊಡಿ." ವಾರಂಟಿಯಾಗಿದ್ದರೆ ಹಳೆಯ ಸಾಮಾನು ಕಂಪನಿಗೆ ವಾಪಸ್ ಹೋಗಬೇಕಂತೆ. ಇದು ವಾರಂಟಿ ಅಲ್ಲವಲ್ಲ, ಅವರೇ ಬರೆಸಿಕೊಂಡಿದ್ದಾರೆ. ಹಾಗಾಗಿ ಬೇಡವೆನ್ನಲು ಅವರಿಗೆ ಕಾರಣ ಹೊಳೆಯಲಿಲ್ಲ, ಒಂದು ಗೋಣಿಚೀಲದಲ್ಲಿ ತುರುಕಿ ಕೊಟ್ಟರು. ನಮ್ಮ ಇಂಟರ್‌ಕಾಮನ್ನೂ ಬಿಚ್ಚಿ ಅದೇ ಚೀಲಕ್ಕೆ ಹಾಕಿದ್ದರು. ಆರು ತಂತಿಗಳನ್ನೂ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು, ಪ್ಲಗ್ಗು ಎಳೆದರೆ ಸಾಕಿತ್ತು. ನಕ್ಷೆಯನ್ನು ಕಿತ್ತಿದ್ದ ಜಾಗದಲ್ಲಿ ಅಂಟು ಮಾತ್ರ ಉಳಿದಿತ್ತು.

ಅವತ್ತು ವಾಪಸ್ ಬರುವಾಗ ಅಪ್ಪ ಕೂಗಿ ಹೇಳಲೂ ಇಲ್ಲ, ಎಡಕ್ಕೆ ತಗೋ ಎಂದು.

ಭಾನುವಾರ ಬೆಳಗ್ಗೆ ಜಗಲಿಯ ಮೇಲೆ ಹಳೆಯ ವೈರಿಂಗನ್ನು ಉದ್ದಕ್ಕೆ ಹಾಸಿಕೊಂಡು ಕೂತ. ಕನ್ನಡಕ, ಬ್ಲೇಡು. ಮೇಲಿನ ಕಪ್ಪು ಟೇಪನ್ನು ಗೇಣು ಗೇಣು ಬಿಚ್ಚುತ್ತಾ ಹೋದ. ಅಮ್ಮ ಕಾಫಿ ತಂದಿಟ್ಟು, "ಇದೇನ್ ಆವು ಸುಲ್ದಂಗೆ ಸುಲೀತಿದೀಯ?" ಎಂದು ಕೇಳಿ ಒಳಗೆ ಹೋದಳು. ನಾನು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆ. ಹ್ಯಾಂಡಲಿನ ಕತ್ತಿನ ಹತ್ತಿರದ ಭಾಗಕ್ಕೆ ಬಂದಾಗ ಅವನ ಕೈ ನಿಂತಿತು.

"ಬಾ ಇಲ್ಲಿ. ನೋಡು."

ತಂತಿಗಳ ಕಂತೆಯನ್ನು ಚೌಕಟ್ಟಿಗೆ ಬಿಗಿಯುವ ಕ್ಲಿಪ್ಪಿನ ಗುರುತು ಅಲ್ಲಿತ್ತು, ಆದರೆ ಇರಬೇಕಾದ ಬದಿಯಲ್ಲಿ ಅಲ್ಲ. ಕಂತೆಯನ್ನು ತಿರುಚಿ ಬಿಗಿದಿದ್ದರು. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಕಬ್ಬಿಣದ ಅಂಚು ತಂತಿಯನ್ನು ಉಜ್ಜಿದೆ. ಪ್ಲಾಸ್ಟಿಕ್ಕು ಸವೆದಿದೆ, ತಾಮ್ರ ಕಬ್ಬಿಣಕ್ಕೆ ತಾಗಿದೆ, ಸುಟ್ಟಿದೆ. ಅಲ್ಲಿಂದ ಎರಡು ಬೆರಳಿನಷ್ಟು ಆಚೀಚೆ ಎಲ್ಲ ಕಪ್ಪು. ಹಿಂದಿನ ದೀಪದ ಕಡೆಯ ತಂತಿಗಳು ಅಂಗಡಿಯಿಂದ ತಂದಂತೆ ಹೊಸದಾಗಿದ್ದವು.

"ಇದು ಕಟ್ಟಿದೋನ್ ತಪ್ಪು. ಗಾಡಿ ತಯಾರಾಗೋ ಕಡೇನೇ ಆಗೈತೆ" ಎಂದ. ಆಮೇಲೆ, "ಫ್ಯಾಕ್ಟ್ರಿ ಲೈನಾಗ್ ನಿಂತಿರ್ತಾನೆ ಪಾಪ. ಮುಂದಿನ್ ಗಾಡಿ ಬಂದ್ಬಿಡ್ತದೆ. ಅವಸ್ರ."

ನನಗೆ ರೇಗಿ ಹೋಯಿತು. "ಅವನಿಗ್ಯಾಕೆ ಪಾಪ ಅಂತೀಯ? ಅವನು ಮಾಡಿದ್ದಕ್ಕೆ ನಿನ್ನ ಹೆಸರು ಹಾಳಾಯ್ತು!"

"ಅವನ್ ಎಸ್ರು ಎಲ್ಲೂ ಇಲ್ವಲ್ಲ ಕಣಮ್ಮಿ. ನಂದಿತ್ತು."

ಸಿಟ್ಟು ನನಗೆ ಹೊಸದಲ್ಲ. ಬಸ್ಸಿನ ಕಂಡಕ್ಟರನಿಂದ ಹಿಡಿದು ಜ್ಯೋತಿಷಿಯವರೆಗೆ ಯಾರ ಮೇಲಾದರೂ ಬರುತ್ತದೆ, ಮಾತಾಡಿದರೆ ಇಳಿಯುತ್ತದೆ. ಇದು ಇಳಿಯಲಿಲ್ಲ. ತಿರುಚಿ ಬಿಗಿದವನು ಎಲ್ಲೂ ಸಹಿ ಹಾಕಿಲ್ಲ, ಅವನು ಬಚಾವ್. ರಿಟರ್ನ್ ಹೊಡಿಯುತ್ತೆ ಎಂದವನು ಎಲ್ಲೂ ಸಹಿ ಹಾಕಿಲ್ಲ, ಅವನೂ ಬಚಾವ್. ಫಾರ್ಮಾಲಿಟಿ ಎಂದ ಮ್ಯಾನೇಜರನ ಹೆಸರು ಆ ಕಾಗದದಲ್ಲಿ ಇಲ್ಲ. ಇಡೀ ಪ್ರಕರಣದಲ್ಲಿ ಇದನ್ನು ಮಾಡಿದ್ದು ನಾನು ಎಂದು ಬರೆದು ಅಂಟಿಸಿದವನು ಒಬ್ಬನೇ, ಸಿಕ್ಕಿಬಿದ್ದವನೂ ಅವನೇ.

"ಬಯ್ಯಪ್ಪ. ನನಗಾದ್ರೂ ಬಯ್ಯಿ" ಎಂದೆ.

ಅಪ್ಪ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. "ಇಷ್ಟ್ ವರ್ಷದಾಗೆ ನಾನ್ ಕಟ್ಟಿದ್ದು ಒಂದೂ ಸುಟ್ಟಿರ್ಲಿಲ್ಲ. ಈಗ ಒಂದ್ ಸುಟ್ಟೈತೆ ಅಂತ ಬರ್ದೈತೆ. ಬರ್ಕೊಟ್ಟೋಳು ನನ್ ಮಗ್ಳು." ಅದನ್ನು ಸಿಟ್ಟಿನಿಂದ ಹೇಳಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

ಸೋಮವಾರ ಆಫೀಸಿಗೆ ರಜೆ ಹಾಕಿ ಗೋಣಿಚೀಲ ಹೊತ್ತುಕೊಂಡು ಸರ್ವಿಸ್ ಸೆಂಟರಿಗೆ ಹೋದೆ. ಅದೇ ಅಡ್ವೈಸರ್.

"ಗಾಡಿ ಸರಿ ಇದ್ಯಲ್ಲ ಮೇಡಂ?"

"ಗಾಡಿ ಸರಿ ಇದೆ. ಕಾಗದ ಸರಿ ಇಲ್ಲ."

"ಕಾಗದದ್ ಮೇಲೆ ಗಾಡಿ ಓಡುತ್ತಾ ಮೇಡಂ?" ಎಂದು ನಕ್ಕ. ಪಕ್ಕದವನೂ ನಕ್ಕ.

ಕಂತೆಯನ್ನು ಕೌಂಟರಿನ ಮೇಲೆ ಹಾಸಿದೆ. ಮಸಿ ಅವರ ಬಿಳಿ ಕೌಂಟರಿಗೆ ಹತ್ತಿತು, ಅದಕ್ಕೇ ಮ್ಯಾನೇಜರ್ ಓಡಿ ಬಂದ. ಸುಟ್ಟ ಜಾಗಕ್ಕೆ ಅಪ್ಪ ಕೆಂಪು ದಾರ ಕಟ್ಟಿಕೊಟ್ಟಿದ್ದ. ಮ್ಯಾನೇಜರ್ ಅದನ್ನು ನೋಡಿದ, ಚೆನ್ನಾಗಿಯೇ ನೋಡಿದ. ಅವನಿಗೆ ಅರ್ಥವಾಯಿತು ಎನ್ನುವುದು ನನಗೆ ಅರ್ಥವಾಯಿತು, ಏಕೆಂದರೆ ಅವನು ತಕ್ಷಣ ದನಿ ಇಳಿಸಿದ.

"ಮೇಡಂ, ಜಾಬ್ ಕಾರ್ಡ್ ಕ್ಲೋಸ್ ಆಗಿದೆ. ನಿಮ್ಗೆ ಪುಕ್ಕಟೆ ಮಾಡಿಕೊಟ್ಟಿದೀವಿ. ಇನ್ನೇನ್ ಬೇಕು?"

"ಬಿಲ್ ಹಾಕಿ, ಪೂರ್ತಿ ಕೊಡ್ತೀನಿ. ಆ ಮೂರನೇ ಸಾಲು ತೆಗೀರಿ."

ಅವನು ನನ್ನನ್ನು ನೋಡಿದ ರೀತಿ! ಪುಕ್ಕಟೆ ಬೇಕೆಂದು ಜಗಳ ಆಡುವವರನ್ನು ದಿನಾ ನೋಡಿದ್ದಾನೆ. ದುಡ್ಡು ತಗೊಳ್ಳಿ ಎಂದು ಜಗಳಕ್ಕೆ ಬಂದವಳನ್ನು ಎಲ್ಲಿ ಕೂರಿಸಬೇಕೆಂದು ಅವನಿಗೆ ತಿಳಿಯಲಿಲ್ಲ.

"ಫ್ರೀ ಆಗಿರೋದಕ್ಕೆ ಬಿಲ್ ಹಾಕೋಕೆ ಸಿಸ್ಟಮ್ಮಲ್ಲಿ ಆಪ್ಷನ್ ಇಲ್ಲ ಮೇಡಂ."

"ಹಂಗಂತ ಬರ್ದು ಸಹಿ ಹಾಕಿ ಕೊಡಿ."

"ಅದ್ ನಾನ್ ಹೇಗ್ ಬರೀಲಿ?"

"ನಾನು ಬರೆದೆನಲ್ಲ."

ಅವನಿಗೆ ಆಗಲೇ ಒಂದು ಮೀಟಿಂಗ್ ನೆನಪಾಯಿತು. ಒಳಗೆ ಹೋದ, ಬಾಗಿಲು ಹಾಕಿಕೊಂಡ. ಅಡ್ವೈಸರ್ ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ. ನಾನು ಗೆದ್ದಿದ್ದೆ. ವಾದದಲ್ಲಿ ಗೆದ್ದಿದ್ದೆ, ತೀರ್ಪುಗಾರರಿದ್ದರೆ ಕಪ್ಪು ಕೊಡುತ್ತಿದ್ದರು. ಆ ಸಾಲು ಮಾತ್ರ ಇದ್ದಲ್ಲೇ ಇತ್ತು.

ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಹಾಳೆಯಲ್ಲಿ ಬರೆದೆ. ಇಂಥ ದಿನ ನಾನು ಕೊಟ್ಟ ಹೇಳಿಕೆ ಸುಳ್ಳು. ಅದನ್ನು ವಾಪಸ್ ಪಡೆದಿದ್ದೇನೆ. ಬೈಕು ಸುಟ್ಟದ್ದು ಹ್ಯಾಂಡಲಿನ ಕತ್ತಿನ ಬಳಿ ಕ್ಲಿಪ್ಪು ತಪ್ಪಾಗಿ ಬಿಗಿದದ್ದರಿಂದ. ಸೀಟಿನ ಕೆಳಗಿನ ಆರು ತಂತಿಗಳಲ್ಲಿ ದೋಷವಿರಲಿಲ್ಲ. ಹೇಳಿಕೆಗೆ ಸಹಿ ಹಾಕುವಾಗಲೂ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಈ ಕೊನೆಯ ವಾಕ್ಯ ಬರೆಯಲು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ತಂದು ಕ್ಯಾಷ್ ಕೌಂಟರಿನ ಹೆಂಗಸಿನ ಮುಂದಿಟ್ಟೆ. "ರಿಸೀವ್ಡ್ ಸೀಲ್ ಹಾಕ್ಕೊಡಿ ಅಕ್ಕ." ಬಂದ ಕಾಗದಕ್ಕೆಲ್ಲ ಸೀಲು ಒತ್ತುವುದು ಅವರ ಕೆಲಸ. ಓದದೆ ಒತ್ತಿದರು. ನಾನು ಓದಿಯೂ ಸಹಿ ಹಾಕಿದವಳು, ಅವರನ್ನು ಆಡಿಕೊಳ್ಳುವ ಬಾಯಿ ನನಗಿಲ್ಲ.

ಸಂಜೆ ಅಪ್ಪನಿಗೆ ಕೊಟ್ಟೆ. ಕನ್ನಡದಲ್ಲೇ ಬರೆದಿದ್ದೆ. ಎರಡು ಸಲ ಓದಿದ. ಕೊನೆಯ ವಾಕ್ಯದ ಮೇಲೆ ಬೆರಳಿಟ್ಟು, "ಇದ್ ಬರೀಬೇಕಾಗಿರ್ಲಿಲ್ಲ" ಎಂದ. ಕಾಗದ ಮಡಿಸಿ ಶೋಕೇಸಿನಲ್ಲಿ, ಆ ಕಪ್ಪುಗಳ ಕೆಳಗೆ ಇಟ್ಟ.

ಮುಂದಿನ ಭಾನುವಾರ ನಾನು ಕೇಳದೆಯೇ ಬೈಕಿನ ಸೀಟು ಬಿಚ್ಚಿದ. ಹೊಸ ತಂತಿ, ಹೊಸ ಕೊಳವೆ, ಮತ್ತೆ ಒಂದರಿಂದ ಆರು. ಹೊಸ ನಕ್ಷೆ ಬರೆದು ಸಹಿ ಹಾಕಿ ನನ್ನ ಕಡೆ ಚಾಚಿದ. "ಪರೀಕ್ಷಿಸಿದವರು ಖಾಲಿ ಐತೆ."

"ಚೆಕ್ ಮಾಡದೆ ಹಾಕಲ್ಲ" ಎಂದೆ.

"ಅದಕ್ಕೇ ನಿಂಗ್ ಕೊಟ್ಟಿದ್ದು."

ಅಪ್ಪ ತಂತಿ ಪರೀಕ್ಷಿಸುವ ಮೀಟರಿನ ಎರಡು ಕಡ್ಡಿಗಳನ್ನು ಹಿಡಿದು ಒಂದೊಂದೇ ತಂತಿಯ ಎರಡು ತುದಿ ಮುಟ್ಟಿಸಿದೆ. ಕೂಡಿದ್ದರೆ ಅದು ಕುಂಯ್ ಎನ್ನಬೇಕು. ಐದನೆಯದು ಅನ್ನಲಿಲ್ಲ. ಮತ್ತೆ ಮುಟ್ಟಿಸಿದೆ, ಇಲ್ಲ. ಅಪ್ಪ ಬಗ್ಗಿ ನೋಡಿದ. ಐದರ ತುದಿ ಪ್ಲಗ್ಗಿನೊಳಗೆ ಪೂರ್ತಿ ಕೂತಿರಲಿಲ್ಲ. ಒತ್ತಿ ಕೂರಿಸಿದ, ಟಿಕ್ ಎಂದಿತು. "ವಯಸ್ಸಾತು" ಎಂದು ಹೇಳಿ ಜಾರಿಕೊಳ್ಳಬಹುದಿತ್ತು. "ಬರ್ಕೋ, ಐದನೇದು ಲೂಸ್ ಇತ್ತು, ಸರಿಮಾಡಿದೆ ಅಂತ" ಎಂದ. ನಕ್ಷೆಯ ಅಂಚಿನಲ್ಲಿ ಅದನ್ನೂ ಬರೆದೆವು. ಆಮೇಲೆ ಸಹಿ ಹಾಕಿದೆ, ನನ್ನದೇ ಪೆನ್ನಿನಲ್ಲಿ.

ನನ್ನ ಇನ್ನೊಂದು ಸಹಿ ಈಗಲೂ ಅವರ ಕಡತದಲ್ಲಿದೆ. ಮೂರು ಮೇಲ್ ಕಳಿಸಿದ್ದೇನೆ, ಮೂರಕ್ಕೂ ನಿಮ್ಮ ಅನಿಸಿಕೆ ನಮಗೆ ಮುಖ್ಯ ಎಂಬ ಒಂದೇ ಉತ್ತರ. ನಾಲ್ಕನೆಯದು ನಾಳೆ ಹೋಗುತ್ತದೆ. ದಿನಾ ಬೆಳಗ್ಗೆ ಅದೇ ಸರ್ವಿಸ್ ಸೆಂಟರಿನ ಮುಂದೆಯೇ ಹೋಗಬೇಕು. ಹೊಸ ಬೈಕುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಯಾವುದರ ಕತ್ತಿನಲ್ಲಿ ಕ್ಲಿಪ್ಪು ತಿರುಚಿದೆಯೋ.

"ಆ ಕಡೆ ನೋಡ್ಬೇಡ. ರೋಡ್ ನೋಡು" ಎನ್ನುತ್ತಾನೆ ಅಪ್ಪ, ಕಿವಿಯೊಳಗೆ.

"ನಾನೆಲ್ಲಿ ನೋಡ್ದೆ?"

"ನೋಡ್ದೆ. ಗಾಡಿ ಎಡಕ್ ಎಳೀತೈತೆ."